ಗಲ್ಫ್‌ಗೆ ಹೊರಟ ಇಂಗ್ಲಿಷ್ ಟೀಚರಿಗೆ: ಸಂಬಳ ಎಷ್ಟು, ಕೈಗೆ ಉಳಿಯೋದು ಎಷ್ಟು?

ಹೋದ ಮಾರ್ಚ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಫೋನ್ ಮಾಡಿದಳು. ಎಂ.ಎ. ಇಂಗ್ಲಿಷ್, ಬಿ.ಎಡ್., ಪುತ್ತೂರಿನ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕು ವರ್ಷದ ಅನುಭವ. "ಮೇಡಂ, ಶಾರ್ಜಾದಲ್ಲಿ ಕೆಲಸ ಆಯ್ತು. 4,500 ದಿರ್ಹಂ. ಲಕ್ಷದ ಮೇಲೆ ಆಯ್ತು ಅಲ್ವಾ?" ಖುಷಿಯಲ್ಲಿ ಉಸಿರೇ ಬಿಡದೆ ಮಾತಾಡುತ್ತಿದ್ದಳು. "ಅದರಲ್ಲಿ ಬೇಸಿಕ್ ಎಷ್ಟು?" ಅಂತ ಕೇಳಿದೆ. ಬೇಸಿಕ್ ಅಂದರೆ ಭತ್ಯೆಗಳನ್ನು ಬಿಟ್ಟ ಮೂಲ ಸಂಬಳ. ಆ ಕಡೆ ಮಾತು ನಿಂತಿತು.

ಅವಳನ್ನು ದೂರುವ ಹಾಗಿಲ್ಲ. ನಾನು ಶಾರ್ಜಾದ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಆರು ವರ್ಷ ಇಂಗ್ಲಿಷ್ ಕಲಿಸಿ ಬಂದವಳು. ಹೊರಡುವಾಗ ನನಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ದಿರ್ಹಂ ಅನ್ನು ರೂಪಾಯಿಯಿಂದ ಗುಣಿಸಿದೆ, ವಿಮಾನ ಹತ್ತಿದೆ. ಲೆಕ್ಕ ಕಲಿತದ್ದು ಎರಡನೇ ವರ್ಷದಲ್ಲಿ. ನೀವು ಮೊದಲೇ ಕಲಿಯಿರಿ ಅಂತ ಇಷ್ಟು ಬರೆಯುತ್ತಿದ್ದೇನೆ. ಹೆಚ್ಚಿನದೆಲ್ಲ ಯುಎಇಯ ವಿಷಯ, ಯಾಕೆಂದರೆ ನನಗೆ ಗೊತ್ತಿರುವುದು ಅದೇ.

ಹೆಜ್ಜೆ 1: ಯಾವ ಶಾಲೆ ಅಂತ ಮೊದಲು ತಿಳಿಯಿರಿ

ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಶಾಲೆಗಳು ಪಠ್ಯಕ್ರಮದ ಮೇಲೆ ಬೇರೆಬೇರೆ. ಇಂಡಿಯನ್ ಶಾಲೆ, ಬ್ರಿಟಿಷ್ ಶಾಲೆ, ಅಮೆರಿಕನ್ ಶಾಲೆ. ಒಂದೇ ರಸ್ತೆಯ ಎರಡು ಶಾಲೆಗಳಲ್ಲಿ ಒಂದೇ ಇಂಗ್ಲಿಷ್ ಪಾಠಕ್ಕೆ ಎರಡು ಪಟ್ಟು, ಮೂರು ಪಟ್ಟು ವ್ಯತ್ಯಾಸದ ಸಂಬಳ ಇರುತ್ತದೆ. ಇಂಡಿಯನ್ ಶಾಲೆಗಳಲ್ಲಿ ಸಾಮಾನ್ಯವಾಗಿ 3,000ದಿಂದ 6,000 ದಿರ್ಹಂ ಒಳಗೆ ಮಾತು ಮುಗಿಯುತ್ತದೆ. ಒಳ್ಳೆಯ ಬ್ರಿಟಿಷ್ ಶಾಲೆಗಳಲ್ಲಿ ಅದು 9,000–10,000 ದಾಟುತ್ತದೆ, ಮನೆ ಅಥವಾ ಮನೆ ಬಾಡಿಗೆಯ ದುಡ್ಡು ಬೇರೆ. ಕಾರಣ ಸರಳ. ಇಂಡಿಯನ್ ಶಾಲೆಯಲ್ಲಿ ಮಕ್ಕಳ ಫೀಸು ಕಡಿಮೆ, ಶಿಕ್ಷಕರ ಸಂಬಳವೂ ಅದರಿಂದಲೇ ಬರಬೇಕು. ಹೊರಗಿನಿಂದ ಬಂದ ಖಾಸಗಿ ಕೆಲಸಗಾರರಿಗೆ ಇಂತಿಷ್ಟು ಕನಿಷ್ಠ ಕೂಲಿ ಅಂತ ಅಲ್ಲಿನ ಕಾನೂನು ನಿಗದಿ ಮಾಡಿಲ್ಲ. ಆದ್ದರಿಂದ ಎಲ್ಲವೂ ಮಾತುಕತೆಯ ಮೇಲೆ.

ನಮ್ಮ ಬಿ.ಎಡ್. ಹಿಡಿದುಕೊಂಡು ನೇರವಾಗಿ ಬ್ರಿಟಿಷ್ ಶಾಲೆಗೆ ಹೋಗುವುದು ಕಷ್ಟ, ಆಗದ್ದೇನಲ್ಲ. ಅವರು ಇಂಗ್ಲೆಂಡಿನ ಶಿಕ್ಷಕ ಅರ್ಹತೆ ಕೇಳುತ್ತಾರೆ. ಈಗ ಐಕ್ಯುಟಿಎಸ್ ಅಂತ ಒಂದು ಕೋರ್ಸ್ ಇದೆ. ಇಂಗ್ಲೆಂಡಿಗೆ ಹೋಗದೆಯೇ, ಕೆಲಸ ಮಾಡುತ್ತಿರುವ ಶಾಲೆಯಲ್ಲಿದ್ದುಕೊಂಡೇ ಮುಗಿಸಬಹುದು. ಫೀಸು ಜಾಸ್ತಿ. ನನ್ನ ಜೊತೆಗಿದ್ದ ಒಬ್ಬರು ಇಂಡಿಯನ್ ಶಾಲೆಯಲ್ಲಿ ಮೂರು ವರ್ಷ ಉಳಿಸಿದ ದುಡ್ಡನ್ನು ಇದಕ್ಕೆ ಹಾಕಿದರು. ನಾವೆಲ್ಲ ಹುಚ್ಚು ಅಂದೆವು. ಬ್ರಿಟಿಷ್ ಶಾಲೆ ಸೇರಿದ ಎರಡೇ ವರ್ಷದಲ್ಲಿ ಅವರ ಉಳಿತಾಯ ನನ್ನ ಆರು ವರ್ಷದ್ದನ್ನು ದಾಟಿತು. ವಯಸ್ಸು ಮೂವತ್ತರ ಒಳಗಿದ್ದರೆ ನಾನು ಈಗ ಇದನ್ನೇ ಹೇಳುತ್ತೇನೆ.

ಬೇರೆ ದೇಶಗಳ ಬಗ್ಗೆ ಎರಡು ಮಾತು. ದಕ್ಷಿಣ ಕೊರಿಯಾ ಇಂಗ್ಲಿಷ್ ಕಲಿಸಲು ಸಾಮಾನ್ಯವಾಗಿ ಅಮೆರಿಕ, ಇಂಗ್ಲೆಂಡಿನಂಥ ಏಳು ದೇಶದವರನ್ನೇ ಕರೆಯುತ್ತದೆ. ಆದರೆ 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ವ್ಯಾಪಾರ ಒಪ್ಪಂದದಿಂದಾಗಿ, ಶಿಕ್ಷಕ ಅರ್ಹತೆ ಇರುವ ಭಾರತೀಯರಿಗೂ ಅಲ್ಲಿ ಬಾಗಿಲು ತೆರೆದಿದೆ. ಸಣ್ಣ ಬಾಗಿಲು, ನಿಜ. ಅಲ್ಲಿನ ಸರ್ಕಾರಿ ಶಾಲೆಗಳ ಕೆಲಸದಲ್ಲಿ ಮನೆ ಶಾಲೆಯದ್ದೇ, ಒಂದು ವರ್ಷ ಪೂರೈಸಿದರೆ ಹೆಚ್ಚುಕಮ್ಮಿ ಒಂದು ತಿಂಗಳ ಸಂಬಳ ಬಿಡುಗಡೆ ಹಣವಾಗಿ ಬರುತ್ತದೆ. ಉಳಿತಾಯಕ್ಕೆ ಒಳ್ಳೆಯ ದೇಶ.

ಮಾಲ್ಡೀವ್ಸ್ ವಿಷಯದಲ್ಲಿ ಎಚ್ಚರ. ಅಲ್ಲಿನ ದ್ವೀಪಗಳ ಶಾಲೆಗಳಲ್ಲಿ ನಮ್ಮ ದೇಶದ ಟೀಚರುಗಳು ಮೊದಲಿಂದಲೂ ಇದ್ದಾರೆ. ಸಂಬಳ ಕೊಡುವುದು ರುಫಿಯಾದಲ್ಲಿ. ಆ ದೇಶಕ್ಕೆ ಡಾಲರ್ ಕೊರತೆ ಬಂದಾಗ ತಿಂಗಳಿಗೆ ಇಷ್ಟೇ ಡಾಲರ್ ಊರಿಗೆ ಕಳಿಸಬಹುದು ಅಂತ ಬ್ಯಾಂಕುಗಳು ಮಿತಿ ಹಾಕುತ್ತವೆ. ದುಡ್ಡು ನಿಮ್ಮ ಖಾತೆಯಲ್ಲೇ ಇರುತ್ತದೆ, ಊರಿನ ಸಾಲದ ಕಂತು ಮಾತ್ರ ಕಟ್ಟಲಾಗುವುದಿಲ್ಲ. ಅಲ್ಲಿಗೆ ಹೋಗುವವರು "ಸಂಬಳ ಎಷ್ಟು" ಅನ್ನುವ ಮೊದಲು "ತಿಂಗಳಿಗೆ ಎಷ್ಟು ಕಳಿಸಬಹುದು" ಅಂತ, ಈಗಾಗಲೇ ಅಲ್ಲಿರುವ ಟೀಚರನ್ನೇ ಕೇಳಬೇಕು.

ದಿರ್ಹಂಗೆ ಆ ತೊಂದರೆ ಇಲ್ಲ. 1997ರಿಂದ ಅದು ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ. ಡಾಲರ್ ಎದುರು ರೂಪಾಯಿ ಇಳಿದಷ್ಟೂ ನಿಮ್ಮ ದಿರ್ಹಂ ಊರಲ್ಲಿ ದಪ್ಪಗಾಗುತ್ತದೆ.

ಹೆಜ್ಜೆ 2: ಆಫರ್ ಲೆಟರ್ ಬಿಡಿಸಿ ಓದಿ

ಇದೇ ಮುಖ್ಯ ಹೆಜ್ಜೆ. ನನ್ನ ವಿದ್ಯಾರ್ಥಿನಿಯ 4,500 ದಿರ್ಹಂ ಹೀಗೆ ಒಡೆದಿತ್ತು: ಬೇಸಿಕ್ 2,000, ಮನೆ ಬಾಡಿಗೆಗೆ 1,500, ಓಡಾಟಕ್ಕೆ 500, ಇತರೆ 500. ಒಟ್ಟು ಅಷ್ಟೇ ಬರುತ್ತದಲ್ಲ, ಹೇಗೆ ಒಡೆದರೇನು ಅಂತ ಅನ್ನಿಸಬಹುದು. ಏನು ಅಂತ ನೋಡಿ.

ಕೆಲಸ ಬಿಡುವಾಗ ಅಲ್ಲಿ ಗ್ರ್ಯಾಚುಟಿ ಬರುತ್ತದೆ. ಕನಿಷ್ಠ ಒಂದು ವರ್ಷ ದುಡಿದಿರಬೇಕು. ಮೊದಲ ಐದು ವರ್ಷಕ್ಕೆ, ಪ್ರತಿ ವರ್ಷಕ್ಕೆ 21 ದಿನದ ಬೇಸಿಕ್. ಅದರ ಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಲೆಕ್ಕವೆಲ್ಲ ಬೇಸಿಕ್ ಮೇಲೆ, ಒಟ್ಟು ಸಂಬಳದ ಮೇಲೆ ಅಲ್ಲ. ಬೇಸಿಕ್ 2,000 ಇದ್ದರೆ ಐದು ವರ್ಷಕ್ಕೆ 7,000 ದಿರ್ಹಂ. ಬೇಸಿಕ್ 3,000 ಇದ್ದಿದ್ದರೆ 10,500. ವ್ಯತ್ಯಾಸ 3,500 ದಿರ್ಹಂ. ಒಂದು ದಿರ್ಹಂಗೆ 24 ರೂಪಾಯಿ ಅಂತ ಹಿಡಿದರೆ 84,000 ರೂಪಾಯಿ. ಕಾಗದದ ಮೇಲೆ ಒಂದು ಅಂಕಿ ಆ ಕಡೆ ಈ ಕಡೆ ಆಗಿದ್ದಕ್ಕೆ ಅಷ್ಟು ದುಡ್ಡು! ಒಟ್ಟು ಸಂಬಳ ಏರಿಸಿ ಅಂದರೆ ಶಾಲೆಯವರು ಜಗ್ಗುವುದಿಲ್ಲ. ಒಟ್ಟು ಅಷ್ಟೇ ಇರಲಿ, ಬೇಸಿಕ್ ಜಾಸ್ತಿ ತೋರಿಸಿ ಅಂದರೆ ಕೆಲವೊಮ್ಮೆ ಒಪ್ಪುತ್ತಾರೆ. ಕೇಳಿ ನೋಡುವುದರಲ್ಲಿ ನಷ್ಟ ಇಲ್ಲ.

ಬೇಸಿಕ್ ಆದ ಮೇಲೆ ಇನ್ನಷ್ಟು ಪ್ರಶ್ನೆಗಳಿವೆ. ಫೋನಿನಲ್ಲಿ ಕೇಳಿದರೂ ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.

ಜುಲೈ–ಆಗಸ್ಟ್ ರಜೆಗೆ ಸಂಬಳ ಇದೆಯೇ? ಮೊದಲ ವರ್ಷದವರಿಗೂ ಪೂರ್ತಿ ಕೊಡುತ್ತೀರಾ? ನನಗೆ ಪೆಟ್ಟು ಬಿದ್ದದ್ದು ಇಲ್ಲೇ. ಹನ್ನೆರಡು ತಿಂಗಳ ಸಂಬಳ ಅಂದುಕೊಂಡಿದ್ದೆ. ಮೊದಲ ಬೇಸಿಗೆಯಲ್ಲಿ ಒಂದು ತಿಂಗಳದ್ದು ಮಾತ್ರ ಬಂತು. ಅದೇ ತಿಂಗಳು ವಿಮಾನದ ಟಿಕೆಟ್ ದರ ಆಕಾಶದಲ್ಲಿತ್ತು. ಮಂಗಳೂರಿಗೆ ನೇರ ವಿಮಾನ ಇದ್ದರೂ ಕೋಯಿಕ್ಕೋಡಿಗೆ ಇಳಿದು ರೈಲಿನಲ್ಲಿ ಬಂದೆ.

ವರ್ಷಕ್ಕೊಮ್ಮೆ ಟಿಕೆಟ್ ಯಾರದ್ದು? ಮನೆ ಕೊಡುತ್ತೀರಾ, ದುಡ್ಡು ಕೊಡುತ್ತೀರಾ? ಶಾಲೆ ಬಸ್ಸಿನಲ್ಲಿ ಟೀಚರಿಗೆ ಜಾಗ ಉಂಟಾ? ನಿಮ್ಮ ಮಗುವಿಗೆ ಅಲ್ಲೇ ಓದಲು ಫೀಸಿನಲ್ಲಿ ರಿಯಾಯಿತಿ ಇದೆಯೇ? ಮಗು ಇರುವವರಿಗೆ ಈ ಕೊನೆಯದು ಸಂಬಳಕ್ಕಿಂತ ದೊಡ್ಡದು. ಫೀಸು ಪೂರ್ತಿ ಬಿಡುವ ಶಾಲೆ ತಿಂಗಳಿಗೆ 500 ದಿರ್ಹಂ ಕಡಿಮೆ ಕೊಟ್ಟರೂ ಅದೇ ಲಾಭ.

ಜಾಹೀರಾತುಗಳಲ್ಲಿ "ಗಂಡನ ವೀಸಾದಲ್ಲಿ ಇರುವವರಿಗೆ ಆದ್ಯತೆ" ಅಂತ ಇರುತ್ತದೆ. ನೇರ ಅರ್ಥ ಏನೆಂದರೆ, ಇವರಿಗೆ ಮನೆ, ಟಿಕೆಟ್, ವೀಸಾ ಖರ್ಚು ಏನೂ ಕೊಡಬೇಕಾಗಿಲ್ಲ, ಕಡಿಮೆಗೂ ಬರುತ್ತಾರೆ. ಇಂಡಿಯನ್ ಶಾಲೆಗಳ ಸಂಬಳ ಏರದೆ ಇರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಹಾಗೆ ಸೇರಿದರೂ ಕಾರ್ಮಿಕ ಇಲಾಖೆಯ ಪರವಾನಗಿ ನಿಮ್ಮ ಹೆಸರಲ್ಲಿ ಇರಲೇಬೇಕು. ಗ್ರ್ಯಾಚುಟಿಯೂ ನಿಮ್ಮ ಹಕ್ಕೇ.

ಹೆಜ್ಜೆ 3: ಕಾಗದಪತ್ರ

ಇದನ್ನು ಕೆಲಸ ಸಿಕ್ಕ ಮೇಲೆ ಶುರು ಮಾಡಿದರೆ ತಡವಾಯಿತು. ಘಟಿಕೋತ್ಸವದ ಮೂಲ ಪದವಿ ಪತ್ರ ಬೇಕು, ಬರೀ ಅಂಕಪಟ್ಟಿ ಸಾಲದು. ಪದವಿಯಲ್ಲಿ ಇಂಗ್ಲಿಷ್ ಮುಖ್ಯ ವಿಷಯವಾಗಿ, ಅಂದರೆ ಆಪ್ಷನಲ್ ಆಗಿ ಓದಿರಬೇಕು. ಬಿ.ಎಸ್ಸಿ. ಮಾಡಿ ಇಲ್ಲಿ ಇಂಗ್ಲಿಷ್ ಕಲಿಸುತ್ತಿರುವವರು ತುಂಬ ಜನ ಇದ್ದಾರೆ. ಅವರಿಗೆ ಅಲ್ಲಿನ ಅನುಮತಿ ಸಿಗುವುದು ಕಷ್ಟ. ಅನುಮತಿ ಕೊಡುವುದು ದುಬೈಯಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್, ಶಾರ್ಜಾದಲ್ಲಿ ಸ್ಪಿಯಾ. ದೂರಶಿಕ್ಷಣದ ಪದವಿ ಆಗಿದ್ದರೆ, ಆ ವರ್ಷ ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇತ್ತೇ ಅಂತ ಮೊದಲೇ ನೋಡಿಕೊಳ್ಳಿ.

ಅಟೆಸ್ಟೇಶನ್ ಸರಪಳಿ ಹೀಗೆ: ಮೊದಲು ರಾಜ್ಯದ ಮಟ್ಟದಲ್ಲಿ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆ. ಒಮಾನ್, ಬಹ್ರೇನ್, ಸೌದಿ, ಕೊರಿಯಾಗಳಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಒಪ್ಪಂದಕ್ಕೆ ಸೇರಿದ ದೇಶಗಳೆಲ್ಲ ಒಪ್ಪುವ ದೃಢೀಕರಣ ಮುದ್ರೆ) ಇದ್ದರೆ ರಾಯಭಾರ ಕಚೇರಿಯ ಮುದ್ರೆ ಬೇಡ. ಪೊಲೀಸ್ ಕ್ಲಿಯರೆನ್ಸನ್ನು ಪಾಸ್‌ಪೋರ್ಟ್ ಸೇವಾ ತಾಣದಲ್ಲೇ ಅರ್ಜಿ ಹಾಕಿ ಮಾಡಿಸಬಹುದು.

ಏಜೆಂಟರ ಬಗ್ಗೆ ಒಂದೇ ಮಾತು. ನಮ್ಮ ಸರ್ಕಾರದ ಇಮೈಗ್ರೇಟ್ ತಾಣದಲ್ಲಿ ನೋಂದಣಿ ಆದವರ ಹತ್ತಿರ ಮಾತ್ರ ಹೋಗಿ. ಅವರು ಸೇವಾಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಮೇಲೆ ತೆಗೆದುಕೊಳ್ಳುವ ಹಾಗಿಲ್ಲ. ಇನ್ನು ಯುಎಇ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ಕೆಲಸಗಾರರಿಂದ ವಸೂಲಿ ಮಾಡುವುದೇ ತಪ್ಪು. "ವೀಸಾಗೆ ಒಂದೂವರೆ ಲಕ್ಷ" ಅಂದರೆ ಎದ್ದು ಬನ್ನಿ. ಹೋದ ಮೇಲೆ ಪಾಸ್‌ಪೋರ್ಟ್ ಆಫೀಸಿನಲ್ಲಿಡಿ ಅಂದರೆ, ಅದೂ ಕಾನೂನಿಗೆ ವಿರುದ್ಧ.

ಹೆಜ್ಜೆ 4: ಹೊರಡುವ ತಾರೀಖು ನೋಡಿಕೊಳ್ಳಿ

ಮುಹೂರ್ತ ಅಲ್ಲ, ತೆರಿಗೆ. ಯುಎಇಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಭಾರತದಲ್ಲಿ ಬೀಳುತ್ತದೋ ಇಲ್ಲವೋ ಅನ್ನುವುದು ನೀವು ಆ ಹಣಕಾಸು ವರ್ಷದಲ್ಲಿ ಎಷ್ಟು ದಿನ ಇಲ್ಲಿ ಇದ್ದಿರಿ ಅನ್ನುವುದರ ಮೇಲೆ. ಕೆಲಸಕ್ಕೆಂದು ದೇಶ ಬಿಡುವವರು ಆ ವರ್ಷ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ. ಆಗ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ.

ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಅಷ್ಟರೊಳಗೆ ಹೊರಟಿರಬೇಕು. ಇಂಡಿಯನ್ ಶಾಲೆಗಳು ಏಪ್ರಿಲ್‌ನಲ್ಲಿ, ಬ್ರಿಟಿಷ್ ಶಾಲೆಗಳು ಆಗಸ್ಟ್ ಕೊನೆಯಲ್ಲಿ ಶುರುವಾಗುತ್ತವೆ, ಹಾಗಾಗಿ ಬಹಳ ಜನರಿಗೆ ಇದು ತಾನಾಗಿಯೇ ಸರಿಹೋಗುತ್ತದೆ. ಆದರೆ ಡಿಸೆಂಬರ್ ರಜೆಗೆ ಊರಿಗೆ ಬಂದ ದಿನಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ. ಆಗಸ್ಟ್ ಕೊನೆಗೆ ಹೊರಟು, ಡಿಸೆಂಬರಿನಲ್ಲಿ ತಂಗಿ ಮದುವೆ ಅಂತ ಒಂದು ತಿಂಗಳಿಗೂ ಮೇಲೆ ಉಳಿದರೆ ಎಡವಟ್ಟು.

ಮಧ್ಯದಲ್ಲಿ, ಅಕ್ಟೋಬರಿನಲ್ಲಿ ಹೊರಟರೆ? 4,500 ದಿರ್ಹಂ ಸಂಬಳದವರಿಗೆ ಭಯ ಇಲ್ಲ. ಆರು ತಿಂಗಳದ್ದು ಸುಮಾರು ಆರೂವರೆ ಲಕ್ಷ. ಇಲ್ಲಿ ದುಡಿದದ್ದು ಸೇರಿಸಿದರೂ ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗೆ ತೆರಿಗೆ ಬೀಳುವುದಿಲ್ಲ, ರಿಟರ್ನ್ ತುಂಬಿ ತೋರಿಸಿದರೆ ಆಯಿತು. 10,000 ದಿರ್ಹಂನವರು ಮಾತ್ರ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ಟಿಕೆಟ್ ತೆಗೆಯಬೇಕು.

ಹೆಜ್ಜೆ 5: ತಿಂಗಳ ಲೆಕ್ಕ

ಒಬ್ಬರೇ ಹೋಗುವವರ ಲೆಕ್ಕ ಬರೆಯುತ್ತೇನೆ. ಶಾರ್ಜಾದಲ್ಲಿ ಇನ್ನೊಬ್ಬ ಟೀಚರ್ ಜೊತೆ ಒಂದು ರೂಮ್ ಹಂಚಿಕೊಂಡರೆ ಕರೆಂಟು, ನೀರು ಸೇರಿ ನಿಮ್ಮ ಪಾಲು 1,100 ಅಂತ ಇಟ್ಟುಕೊಳ್ಳಿ. ಅಡುಗೆ ನೀವೇ ಮಾಡಿದರೆ ಊಟಕ್ಕೆ 600. ಫೋನ್, ಇಂಟರ್ನೆಟ್ 150. ಬಟ್ಟೆ, ಔಷಧ, ಸಣ್ಣಪುಟ್ಟದ್ದು 250. ಊರಿನ ಟಿಕೆಟ್‌ಗೆ ತಿಂಗಳು ತಿಂಗಳು ಎತ್ತಿಡಬೇಕಾದ್ದು 100. ದುಡ್ಡು ಕಳಿಸುವ ಶುಲ್ಕ 25. ಒಟ್ಟು 2,225. ಶಾಲೆ ಬಸ್ಸಿನಲ್ಲಿ ಓಡಾಟ. 4,500ರಲ್ಲಿ ಉಳಿದದ್ದು 2,275, ಅಂದರೆ 54,600 ರೂಪಾಯಿ. ಲಕ್ಷದ ಮೇಲಿನ ಸಂಬಳ ಊರು ಮುಟ್ಟುವಾಗ ಇಷ್ಟಾಗುತ್ತದೆ. ಇದೂ ಕಡಿಮೆ ಏನಲ್ಲ. ಇಲ್ಲಿನ ಖಾಸಗಿ ಶಾಲೆಯಲ್ಲಿ ಇಷ್ಟು ಸಂಬಳವೇ ಬರುವುದಿಲ್ಲ, ಉಳಿಸುವುದು ಎಲ್ಲಿಂದ.

ಇದೇ ಸಂಬಳಕ್ಕೆ ಗಂಡ, ಮಕ್ಕಳನ್ನು ಕರೆದುಕೊಂಡು ಹೋದರೆ ಏನೂ ಉಳಿಯುವುದಿಲ್ಲ. ತಿಂಗಳಿಗೆ 4,000 ದಿರ್ಹಂ ಇದ್ದರೆ, ಅಥವಾ 3,000 ಮತ್ತು ಮನೆ ಇದ್ದರೆ, ಹೆಂಗಸರೂ ಮನೆಯವರಿಗೆ ವೀಸಾ ಮಾಡಿಸಬಹುದು ಅನ್ನುವುದು ನಿಜ. ಆದರೆ ವೀಸಾ ಸಿಗುವುದು ಬೇರೆ, ಬದುಕುವುದು ಬೇರೆ. ಮನೆಗೆ ವರ್ಷದ ಬಾಡಿಗೆಯನ್ನು ನಾಲ್ಕಾರು ಚೆಕ್‌ನಲ್ಲಿ ಮುಂಚಿತವಾಗಿ ಬರೆದು ಕೊಡಬೇಕು. ಮನೆಯವರ ಆರೋಗ್ಯ ವಿಮೆ ನಿಮ್ಮ ಖರ್ಚು. ಇಬ್ಬರೂ ದುಡಿದರೆ ಮಾತ್ರ ಸಂಸಾರ ಸಮೇತ ಹೋಗಿ.

ದುಬೈ ಶಾಲೆಯಲ್ಲಿ ಕೆಲಸ, ಶಾರ್ಜಾದಲ್ಲಿ ಮನೆ ಅಂತ ಎಷ್ಟೋ ಜನ ಮಾಡುತ್ತಾರೆ. ಬಾಡಿಗೆ ಉಳಿಯುತ್ತದೆ. ಆದರೆ ಆ ರಸ್ತೆಯ ಟ್ರಾಫಿಕ್ ಬೆಂಗಳೂರಿನ ಸಿಲ್ಕ್ ಬೋರ್ಡನ್ನು ಮರೆಸುತ್ತದೆ. ಬೆಳಗ್ಗೆ ಐದೂವರೆಗೆ ಬಸ್ಸು. ಇನ್ನೊಂದು ಕಡೆ, ಶಾರ್ಜಾದಲ್ಲಿ 2022ರ ಜನವರಿಯಿಂದ ವಾರಕ್ಕೆ ನಾಲ್ಕೇ ದಿನ ಶಾಲೆ. ಶುಕ್ರವಾರ, ಶನಿವಾರ, ಭಾನುವಾರ ರಜೆ. 300 ದಿರ್ಹಂ ಕಡಿಮೆ ಅಂದರೂ ನಾನು ಶಾರ್ಜಾವನ್ನೇ ಆರಿಸುತ್ತೇನೆ. ಯಾಕೆ ಅಂತ ಮುಂದಿನ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 6: ಟ್ಯೂಷನ್, ಆದರೆ ಪರವಾನಗಿ ಪಡೆದು

ಇಂಗ್ಲಿಷ್ ಟೀಚರಿಗೆ ಅಲ್ಲಿ ಟ್ಯೂಷನ್ ಕೇಳಿಕೊಂಡು ಬರುವವರು ಕಡಿಮೆ ಇಲ್ಲ. ಮೊದಲೆಲ್ಲ ಇದು ಕದ್ದುಮುಚ್ಚಿ ನಡೆಯುತ್ತಿತ್ತು, ಸಿಕ್ಕಿಬಿದ್ದರೆ ದಂಡ. 2023ರ ಡಿಸೆಂಬರಿನಲ್ಲಿ ಸರ್ಕಾರ ಖಾಸಗಿ ಪಾಠಕ್ಕೆ ಪರವಾನಗಿ ಕೊಡಲು ಶುರು ಮಾಡಿತು. ಎರಡು ವರ್ಷದ ಅವಧಿ, ಶುಲ್ಕ ಇಲ್ಲ, ಆನ್‌ಲೈನಿನಲ್ಲೇ ಅರ್ಜಿ. ಶಾಲೆಯಲ್ಲಿ ಕೆಲಸ ಮಾಡುವವರಿಗೂ ಸಿಗುತ್ತದೆ. ನೀತಿಸಂಹಿತೆಗೆ ಸಹಿ ಹಾಕಬೇಕು.

ವಾರಕ್ಕೆ ಎರಡು ಮಕ್ಕಳಿಗೆ ಪಾಠ ಮಾಡಿದರೂ ತಿಂಗಳ ಊಟದ ಖರ್ಚು ಅದರಲ್ಲೇ ಕಳೆಯುತ್ತದೆ. ಮೂರು ದಿನ ರಜೆ ಇರುವ ಊರಿನಲ್ಲಿ ಇದು ಸುಲಭ. ಒಂದು ಕಿವಿಮಾತು: ನಿಮ್ಮದೇ ತರಗತಿಯ ಮಗುವಿಗೆ ಮಾತ್ರ ಟ್ಯೂಷನ್ ಹೇಳಬೇಡಿ. ಆ ಮಗುವಿಗೆ ಅಂಕ ಕಡಿಮೆ ಬಂದರೂ ಮಾತು, ಜಾಸ್ತಿ ಬಂದರೂ ಮಾತು.

ಹೆಜ್ಜೆ 7: ದುಡ್ಡು ಎಲ್ಲಿಡಬೇಕು

ಅನಿವಾಸಿ ಆದ ಮೇಲೆ ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಮುಂದುವರಿಸುವ ಹಾಗಿಲ್ಲ. ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಊರಿನ ಆದಾಯದ ಖಾತೆ, ಮಾಡಿಸಬೇಕು. ಅಲ್ಲಿಂದ ಕಳಿಸುವ ಸಂಬಳಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ದುಡ್ಡನ್ನು ಯಾವಾಗ ಬೇಕಾದರೂ ವಾಪಸ್ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ 30 ಶೇಕಡಾ ಮತ್ತು ಮೇಲಿನ ಸೆಸ್ ಮೂಲದಲ್ಲೇ ಕಡಿತ. ಮನೆ ಬಾಡಿಗೆ, ತೋಟದ ಅಡಿಕೆ ದುಡ್ಡು ಇಂಥದ್ದಕ್ಕೆ ಮಾತ್ರ ಎನ್‌ಆರ್‌ಒ ಇರಲಿ. ಎರಡನ್ನೂ ಬೆರೆಸಬೇಡಿ. ಮೊದಲೇ ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಕಟ್ಟಬಹುದು, ಹೊಸದಾಗಿ ತೆರೆಯಲು ಬರುವುದಿಲ್ಲ.

ದರ ಏರಲಿ ಅಂತ ದಿರ್ಹಂ ಇಟ್ಟುಕೊಂಡು ಕಾಯುವವರು ಪ್ರತಿ ಸ್ಟಾಫ್ ರೂಮಿನಲ್ಲೂ ಇರುತ್ತಾರೆ. ಹತ್ತು ಪೈಸೆಗೆ ಕಾದರೆ 2,000 ದಿರ್ಹಂಗೆ ಸಿಗುವುದು 200 ರೂಪಾಯಿ. ಆ ಹೊತ್ತಿಗೆ ಮಾಲ್‌ನಲ್ಲಿ ಡಿಸ್ಕೌಂಟ್ ಸೇಲ್ ಬಂದಿರುತ್ತದೆ. ಸಂಬಳ ಬಂದ ದಿನವೇ ಕಳಿಸಿಬಿಡಿ.

ಮೊದಲ ವರ್ಷ ಮೂರು ತಿಂಗಳ ಖರ್ಚಿನಷ್ಟು ಅಲ್ಲೇ ಇಟ್ಟುಕೊಳ್ಳಿ. ಪ್ರೊಬೇಷನ್ ಆರು ತಿಂಗಳವರೆಗೆ ಇರಬಹುದು. ಕೆಲಸ ಹೋದರೆ ಅಂತ ಒಂದು ಕಡ್ಡಾಯ ವಿಮೆ ಇದೆ. ಬೇಸಿಕ್ 16,000ದ ಒಳಗಿನವರಿಗೆ ತಿಂಗಳಿಗೆ 5 ದಿರ್ಹಂ. ಹನ್ನೆರಡು ತಿಂಗಳು ಕಟ್ಟಿದ ಮೇಲೆ ಕೆಲಸ ಕಳೆದುಕೊಂಡರೆ ಬೇಸಿಕ್‌ನ 60 ಶೇಕಡಾ, ಮೂರು ತಿಂಗಳವರೆಗೆ ಬರುತ್ತದೆ. ಇಲ್ಲೂ ಬೇಸಿಕ್ಕೇ ನೋಡಿ! ಮರೆತರೆ 400 ದಿರ್ಹಂ ದಂಡ. ಇನ್ನು ಸಂಬಳ ಖಾತೆ ತೆರೆದ ವಾರದಲ್ಲೇ ಕ್ರೆಡಿಟ್ ಕಾರ್ಡ್, ಸಾಲ ಅಂತ ಫೋನುಗಳು ಬರುತ್ತವೆ. ಕಾರಿನ ಸಾಲ ಮಾಡಿ, ಅದನ್ನು ತೀರಿಸಲೆಂದೇ ಇನ್ನೂ ಮೂರು ವರ್ಷ ಅಲ್ಲಿ ಉಳಿದವರನ್ನು ನೋಡಿದ್ದೇನೆ.

ಹೆಜ್ಜೆ 8: ವಾಪಸ್ ಬರುವಾಗ

ಕೆಲಸ ಮುಗಿದ 14 ದಿನದೊಳಗೆ ಶಾಲೆ ನಿಮ್ಮ ಸಂಬಳ, ಗ್ರ್ಯಾಚುಟಿ ಎಲ್ಲ ಚುಕ್ತಾ ಮಾಡಬೇಕು ಅಂತ ಕಾನೂನು. ವೀಸಾ ರದ್ದು ಮಾಡುವ ಕಾಗದಕ್ಕೆ ಸಹಿ ಹಾಕುವಾಗ "ಎಲ್ಲ ಬಾಕಿ ಬಂದಿದೆ" ಅನ್ನುವ ಸಾಲು ಅದರಲ್ಲಿ ಇರುತ್ತದೆ. ದುಡ್ಡು ಬ್ಯಾಂಕಿಗೆ ಬಂದದ್ದನ್ನು ನೋಡಿಯೇ ಸಹಿ ಮಾಡಿ. ನಾನು ಪ್ರಿನ್ಸಿಪಾಲರ ಮುಖ ನೋಡಿ ಸಹಿ ಹಾಕಿದೆ. ಉಳಿದ ದುಡ್ಡಿಗೆ ಊರಿನಿಂದ ಐದು ತಿಂಗಳು ಇಮೇಲ್ ಬರೆಯಬೇಕಾಯಿತು.

ಊರಿಗೆ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು ಮಾಮೂಲಿ ಖಾತೆಗೆ ಬದಲಿಸಬೇಕು, ಬ್ಯಾಂಕಿಗೆ ನೀವೇ ತಿಳಿಸಬೇಕು. ಅಲ್ಲಿಂದ ಹೊರಡುವ ಮೊದಲು ಅನುಭವ ಪತ್ರವನ್ನು ಅವರ ವಿದೇಶಾಂಗ ಇಲಾಖೆಯಲ್ಲೇ ಅಟೆಸ್ಟ್ ಮಾಡಿಸಿ ತನ್ನಿ. ಇಲ್ಲಿಂದ ಮಾಡಿಸುವುದು ದೊಡ್ಡ ತಲೆನೋವು. ಪತ್ರದಲ್ಲಿ ಯಾವ ವಿಷಯ, ಯಾವ ತರಗತಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಅಂತ ಸ್ಪಷ್ಟ ಇರಲಿ.

ನನ್ನ ವಿದ್ಯಾರ್ಥಿನಿ ಮರುದಿನ ಶಾಲೆಗೆ ಇಮೇಲ್ ಬರೆದಳು. ಒಟ್ಟು ಅಷ್ಟೇ ಉಳಿಯಿತು, ಬೇಸಿಕ್ 2,800 ಆಯಿತು. ರಜೆ ಸಂಬಳದ ಪ್ರಶ್ನೆಗೆ ಮಾತ್ರ "ಬಂದ ಮೇಲೆ ಮಾತಾಡೋಣ" ಅಂತ ಉತ್ತರ ಬಂತಂತೆ. ಇನ್ನೊಮ್ಮೆ ಬರಿ ಅಂದಿದ್ದೇನೆ.